ನುಣುಪಾದ ಮಗ್ಗುಲು

ಹೆಂಡತಿ ತೀರಿಕೊಂಡ ಸುದ್ದಿ ಆಸ್ಪತ್ರೆಯಿಂದ ಬಂದ ಬೆಳಿಗ್ಗೆ, ಹಿತ್ತಲಿನ ಮರದ ಜಗಲಿಗೆ ಕಾಲಿಡಲು ಹೋದ ನೆರೆಯವರ ತೋಳನ್ನು ಯಜಮಾನರು ಥಟ್ಟನೆ ಹಿಡಿದರು. "ಹುಷಾರು, ಅಲ್ಲಿ ಜಾರುತ್ತೆ."

ಬಾಗಿಲಲ್ಲಿದ್ದ ಮಗಳು ಕೇಳಿದಳು, "ಅಮ್ಮನಿಗೂ ಹೀಗೆ ಹೇಳಿದ್ರಾ ಅಪ್ಪಾ?"

ಹೇಳಿರಲಿಲ್ಲ. ಜಗಲಿ ಹಾಕುವಾಗ ಬಡಗಿ, ಕಾಲು ಜಾರದಿರಲೆಂದು, ಹಲಗೆಗಳ ಗೀರುಗಳಿದ್ದ ಮಗ್ಗುಲನ್ನು ಮೇಲೆ ಮಾಡಿದ್ದ. "ಗೀರಲ್ಲಿ ಕಸ ಕೂರುತ್ತೆ, ನುಣುಪು ಮೇಲಿರಲಿ" ಎಂದು ಇವರೇ ತಿರುಗಿಸಿ ಹಾಕಿಸಿದ್ದರು. "ಇದು ನಾನು ನಡೆಯೋಕೋ, ನೀವು ಮುಖ ನೋಡ್ಕೊಳ್ಳೋಕೋ?" ಎಂದು ಹೆಂಡತಿ ನಕ್ಕಿದ್ದಳು. ಅವಳ ಮಾತೇ ಸರಿಯೆಂದು ಒಪ್ಪಬೇಕಾದೀತೆಂದು, ಮೊನ್ನೆ ತಾವೇ ಅಲ್ಲಿ ಜಾರಿದ್ದನ್ನು ಇವರು ಮುಚ್ಚಿಟ್ಟಿದ್ದರು. ನಿನ್ನೆ ಆಕೆ ಬಿದ್ದದ್ದು ಅಲ್ಲೇ.

ಮಗಳತ್ತ ತಲೆಯೆತ್ತಲಾಗದೆ ಅವರು ಕೈಮುಗಿದರು. "ನನ್ನ ಕ್ಷಮೆಯ ಮಾತು ಆಮೇಲಿರಲಿ, ದೇವರೇ. ಮೊದಲು ಹೋದವಳಿಗೆ ಶಾಂತಿ ಕೊಡು."