ಮೇಷ್ಟ್ರ ಹೊಸ ರೆಕಾರ್ಡು

"ಎಂಟನೇ ಕ್ಲಾಸು ದಾಟದವನು ನನಗೆ ಸದ್ದು ಕಲಿಸೋಕೆ ಬಂದ್ನಾ? ರೆಕಾರ್ಡು ಕೊರೆಯೋದು ನಿನ್ನ ಕೆಲಸ ಕಣೋ. ಅದನ್ನ ಕೊರಿ, ನನ್ನ ತಲೆ ಕೊರೀಬೇಡ."

ಮೇಷ್ಟ್ರ ಮಗಳೊಬ್ಬಳನ್ನು ಬಿಟ್ಟು ಕೋಣೆಯಲ್ಲಿದ್ದವರೆಲ್ಲ ನಕ್ಕರು. ನಗಲೇಬೇಕಿತ್ತು, ಅಂದದ್ದು ಮೇಷ್ಟ್ರು. ಅವರು ಯಾವ ಶಾಲೆಯಲ್ಲೂ ಪಾಠ ಮಾಡಿದವರಲ್ಲ. ಇಪ್ಪತ್ತೈದು ವರ್ಷ ಮೆಷಿನ್ನುಗಳಲ್ಲಿ ಹೌಸ್, ಟೆಕ್ನೊ ಎಂಬ ಕುಣಿತದ ಸಂಗೀತ ಕಟ್ಟಿ ಒಂದು ತಲೆಮಾರನ್ನೇ ಕುಣಿಸಿದ್ದಕ್ಕೆ ಆ ಹೆಸರು. ಒಂಬತ್ತು ವರ್ಷ ಸುಮ್ಮನಿದ್ದು ಈಗ ಹೊಸ ರೆಕಾರ್ಡು ಮಾಡಿದ್ದರು. ಅಚ್ಚಿಗೆ ಹೋಗುವ ಮುಂಚೆ ಕೇಳಿ ಒಪ್ಪುವ ಮೊದಲ ತಟ್ಟೆ ಕೊರೆಸಲು ಮಗಳು, ಹಳೇ ಗೆಳೆಯರು, ಇಬ್ಬರು ಡಿಜೆಗಳ ಸಮೇತ ದಂಡು ಕಟ್ಟಿಕೊಂಡು ಬಂದಿದ್ದರು. "ಓದಿದ್ದು ಎಂಟನೇ ಕ್ಲಾಸು, ಕಿವಿ ಮಾತ್ರ ಬಂಗಾರ" ಎಂದು ಸ್ಟುಡಿಯೋ ಯಜಮಾನನೇ ತನ್ನ ಕೆಲಸಗಾರನನ್ನು ಪರಿಚಯ ಮಾಡಿಕೊಟ್ಟಿದ್ದ. ಬಂಗಾರ ಯಾರಿಗೂ ನೆನಪುಳಿಯಲಿಲ್ಲ, ಎಂಟನೇ ಕ್ಲಾಸು ಉಳಿಯಿತು.

ಕೊರೆಯುವವನು ಹೇಳಿದ್ದು ಇಷ್ಟೇ: "ಸಾರ್, ಆ ಹೈ-ಹ್ಯಾಟ್ ತುಂಬಾ ಚೂಪಾಗಿದೆ. ಸ್ವಲ್ಪ ತಗ್ಗಿಸೋಣ." ಡ್ರಮ್ಮಿನ ಮೇಲೆ ಚ್ಸ್ ಚ್ಸ್ ಎನ್ನುವ ಆ ಸಣ್ಣ ತಾಳದ ಸದ್ದು ಕಿವಿ ಕೊಯ್ಯುತ್ತಿತ್ತು.

"ಒಂದು ಕೂದಲಷ್ಟೂ ಮುಟ್ಟಕೂಡದು. ಮಾಡಿದ ಹಾಗೇ ಬರಬೇಕು," ಅಂದರು ಮೇಷ್ಟ್ರು.

ಅವನು ಮುಟ್ಟಲಿಲ್ಲ. ಹಲ್ಲು ಕಚ್ಚಿ ಕೊರೆಯುವ ಸೂಜಿ ಇಳಿಸಿದ. ಎರಡನೇ ನಿಮಿಷಕ್ಕೆ ಹೈ-ಹ್ಯಾಟ್ ಶುರುವಾಯಿತು, ಗಾಜಿನ ಮೇಲೆ ಮೊಳೆ ಎಳೆದ ಹಾಗೆ. ಹತ್ತೇ ಸೆಕೆಂಡಿಗೆ ಯಂತ್ರ ಆ ಚೂಪು ತಾಳಲಾರದೆ ಕಾದು, ಕಿವಿಯ ಹತ್ತಿರ ಸೊಳ್ಳೆ ಬಂದಂತೆ ಸಣ್ಣಗೆ ಎಚ್ಚರಿಕೆಯ ಸದ್ದು ಮಾಡಿತು. ಸೂಜಿ ತಾನೇ ಮೇಲೆದ್ದಿತು. ಎಲ್ಲರೂ ಯಂತ್ರದ ಕಡೆ ತಿರುಗಿದರು. ಮೇಷ್ಟ್ರು ತಿರುಗಲಿಲ್ಲ. ಸ್ಪೀಕರಿನಲ್ಲಿ ಮೂಲ ಹಾಡು ನಡೆದೇ ಇತ್ತು, ಸೊಳ್ಳೆಯೂ ಕೂಗುತ್ತಲೇ ಇತ್ತು. ಅವರು ತಲೆದೂಗುತ್ತಾ, "ಆ ಹೈ-ಹ್ಯಾಟು ಇನ್ನೂ ಸ್ವಲ್ಪ ಮಿಂಚಬೇಕಿತ್ತು," ಅಂದರು.

ಅದರ ಅರ್ಥ ಇಬ್ಬರಿಗೆ ಮಾತ್ರ ಆಯಿತು. ಅವನು ಸದ್ದು ಆರಿಸಿ, "ಯಂತ್ರ ಆರಬೇಕು. ಎಲ್ಲರೂ ಹೊರಗೆ ಹೋಗಿ ಕಾಫಿ ಕುಡಿದು ಬನ್ನಿ," ಅಂದ. ಮಗಳು ಹಿಂದೆ ಉಳಿದಳು.

"ಯಾವಾಗಿಂದ ಅಕ್ಕಾ?"

"ಎರಡು ವರ್ಷ ಆಯ್ತು. ಕೀರಲು ಸದ್ದು ಯಾವುದೂ ಸರಿಯಾಗಿ ಕೇಳಲ್ಲ. ಅವರಿಗೇ ಗೊತ್ತಿಲ್ಲ. ಬಾಗಿಲ ಬೆಲ್ಲು ಕೆಟ್ಟಿದೆ ಅಂತ ಮೂರು ಸಲ ಬದಲಾಯಿಸಿದ್ರು."

"ನೀವು ಹೇಳಬಹುದಿತ್ತಲ್ಲ?"

"ಹೇಳಿದ್ರೆ ಮೆಷಿನ್ನಿಗೆಲ್ಲ ಬಟ್ಟೆ ಹೊದಿಸಿ ಮೂಲೇಲಿ ಕೂತುಬಿಡ್ತಾರೆ. ಇದು ಹೀಗೇ ಹೊರಗೆ ಹೋದ್ರೂ ಅಷ್ಟೇ. ಊರೆಲ್ಲ ನಗುತ್ತೆ. ಆಮೇಲೆ ಅಪ್ಪ ಇನ್ನೊಂದು ಮಾಡಲ್ಲ."

"ನಗಲಿ ಬಿಡಿ. ಈಗ ನನ್ನ ನೋಡಿ ನಗಲಿಲ್ವಾ?"

ಅವಳು ಬಾಗಿಲು ಎಳೆದುಕೊಂಡು ಹೋದಳು.

ಸೇಡು ಕೈಗೆ ಎಟುಕುವಷ್ಟು ಹತ್ತಿರ ಬಂದು ಕೂತಿತ್ತು. ಏನೂ ಮಾಡಬೇಕಿರಲಿಲ್ಲ, ಹೇಳಿದಷ್ಟು ಮಾಡಿದರೆ ಸಾಕು. ಒಟ್ಟು ಸದ್ದು ಇಳಿಸಿದರೆ ಯಂತ್ರವೂ ತಡೆದುಕೊಳ್ಳುತ್ತಿತ್ತು. ಎಷ್ಟು ಇಳಿಸಬೇಕೆಂದು ನೋಡಲು ಹಾಡನ್ನು ಮೊದಲಿನಿಂದ ಹಾಕಿದ. ಕೆಳಗೆ ಬೇಸಿನ ದಪ್ಪ ದನಿ ಯಾವುದೋ ದೊಡ್ಡ ಪ್ರಾಣಿ ನಿದ್ದೆಯಲ್ಲಿ ಮಗ್ಗಲು ಬದಲಿಸಿದ ಹಾಗೆ ಹೊರಳುತ್ತಿತ್ತು. ಡ್ರಮ್ಮು ಅದನ್ನು ಎಬ್ಬಿಸದೆ ಅದರ ಮೇಲೇ ನಡೆಯುತ್ತಿತ್ತು. ಐದನೇ ನಿಮಿಷಕ್ಕೆ ಎಲ್ಲ ನಿಂತು ಎರಡೇ ಸ್ವರ ಉಳಿದವು. ಒಂದು ಪ್ರಶ್ನೆ ಕೇಳುವಂತೆ, ಒಂದು ತುಸು ತಡೆದು ಉತ್ತರ ಹೇಳುವಂತೆ. ಅವನು ಎದ್ದು ನಿಂತುಬಿಟ್ಟ. ಮುದುಕ ಒಂಬತ್ತು ವರ್ಷ ನೊಣ ಹೊಡೆಯುತ್ತಾ ಕೂತಿರಲಿಲ್ಲ.

ಹಾಡು ಕೆಟ್ಟದಾಗಿದ್ದರೆ ಕೆಲಸ ಎಷ್ಟು ಸುಲಭವಿತ್ತು! ಅವನಿಗೆ ಮೈಯೆಲ್ಲ ಉರಿಯಿತು. ಬಾಯಿಗೆ ಬಂದದ್ದೆಲ್ಲ ಬೈಯುತ್ತಲೇ ಚೂಪು ಸದ್ದಿನ ಗುಂಡಿ ಹಿಡಿದು ಎಡಕ್ಕೆ ತಿರುಗಿಸಿ ತಗ್ಗಿಸಿದ. ಎರಡು ಗೆರೆ, ನಾಲ್ಕು ಗೆರೆ, ಆರು. ಹೊಸ ತಟ್ಟೆ ಇಟ್ಟು, ಉಸಿರು ಹಿಡಿದು, ಒಂದೇ ಸಲಕ್ಕೆ ಕೊರೆದ.

ಎಲ್ಲರೂ ಒಳಗೆ ಬಂದ ಮೇಲೆ ಅದನ್ನೇ ಹಾಕಿದ. ಹೈ-ಹ್ಯಾಟ್ ಈಗ ಒಣ ಎಲೆಯ ಮೇಲೆ ಯಾರೋ ಬರಿಗಾಲಲ್ಲಿ ಓಡಿದಂತಿತ್ತು. ಮೊದಲು ಮುಖ ಹಿಂಡಿಕೊಂಡಿದ್ದ ಡಿಜೆ ಭುಜ ಕುಣಿಸತೊಡಗಿದ. ಆ ಎರಡು ಸ್ವರ ಬಂದಾಗ ಗೆಳೆಯರಲ್ಲೊಬ್ಬರು ಕನ್ನಡಕ ತೆಗೆದರು. ಮೇಷ್ಟ್ರು ಕಣ್ಣು ಮುಚ್ಚಿ ಕೊನೇ ತನಕ ಕೇಳಿದರು.

"ಕೇಳಿದ್ರೇನ್ರೋ! ಹೈ-ಹ್ಯಾಟು ಹೇಗೆ ಮಿಂಚ್ತಿದೆ!" ಅಂದರು. ಆಮೇಲೆ ಅವನ ಕಡೆ ತಿರುಗಿದರು. "ಎಲ್ಲಿ ಹೋಯ್ತೋ ನಿನ್ನ ಚೂಪು? ನಾನಂದ ಹಾಗೇ ಮಾಡಿದ್ದಕ್ಕೆ ತಾನೇ ಹೀಗೆ ಬಂದಿದ್ದು? ಹೇಳು, ಇವರ ಮುಂದೇನೇ ಹೇಳು. ನಿನ್ನ ಕಿವಿ ಸರಿಯಿದ್ಯೋ, ನನ್ನದೋ?"

ಮಗಳು ನೆಲ ನೋಡುತ್ತಿದ್ದಳು. ಅವನ ನಾಲಿಗೆಯ ತುದಿಯಲ್ಲಿ ಉತ್ತರ ಇತ್ತು, ಎರಡೇ ಮಾತಿನದು. ತಟ್ಟೆಯನ್ನು ಕವರಿಗೆ ಹಾಕಿ ಮೇಷ್ಟ್ರ ಕೈಗಿಟ್ಟು, ಚೀಲ ಹೆಗಲಿಗೇರಿಸಿ ಬಾಗಿಲು ತೆರೆದ.

"ನೋಡಿದ್ರಾ, ಬಾಯೇ ಇಲ್ಲ!" ಹಿಂದಿನಿಂದ ಮತ್ತೆ ನಗು.

ಮೂರು ಮಹಡಿ ಮೆಟ್ಟಿಲು ಇಳಿಯುವ ಉದ್ದಕ್ಕೂ ಅವನ ಕಾಲು ಆ ಡ್ರಮ್ಮಿನ ತಾಳಕ್ಕೇ ಬೀಳುತ್ತಿತ್ತು. ಎರಡು ಸಲ ಬೇಕೆಂತಲೇ ಹೆಜ್ಜೆ ತಪ್ಪಿಸಿ ನೋಡಿದ. ಆಗಲಿಲ್ಲ.