ಮನೆಯಿಂದ ತಂದ ಬೀಗ

"ಯಜಮಾನ್ರ ಸಾಮಾನು ಭಾಳ ಮಾತಾಡ್ತಾವೇನ್ರಿ ಅಕ್ಕಾರ? ಹಂಗಿದ್ರ ದಪ್ಪ ಗ್ವಾಡಿ ಖೋಲಿ ತಗೋರಿ," ಎಂದ ಹುಬ್ಬಳ್ಳಿಯ ಬಾಡಿಗೆ ಗೋದಾಮಿನ ದ್ಯಾಮಣ್ಣ.

"ನಾ ಮಲಗಿದ್ರ ಸಾಕು, ಶುರು ಮಾಡ್ತಾವು. ನನಗ ನಿದ್ದಿ ಬೇಕಪಾ," ಎಂದಳು ನೀಲವ್ವ.

"ಸತ್ತೋರ ಸಾಮಾನು ಎಲ್ಲಾರ ಮನ್ಯಾಗೂ ಹಂಗ. ನಮ್ಮಪ್ಪನ ಛತ್ರಿ ಇನ್ನೂ ನನಗ ಬೈತೈತಿ!"

ಊಟದ ಡಬ್ಬಿಯನ್ನು ಹಳೆಯ ಸೀರೆಯಲ್ಲಿ ಸುತ್ತುವಾಗ ಅದು ಗಂಡನ ದನಿಯಲ್ಲೇ, "ಉಪ್ಪು ಕಮ್ಮಿ ಆಗೇತಿ," ಎಂದಿತು. ನೀಲವ್ವನಿಗೆ ನಗುವೂ ಬರಲಿಲ್ಲ, ಅಳುವೂ ಬರಲಿಲ್ಲ. ಕನ್ನಡಕ, ರೇಡಿಯೋ, ಚಪ್ಪಲಿ ಎಲ್ಲವನ್ನೂ ಒಳಗಿಟ್ಟು ಬಾಗಿಲೆಳೆದಳು.

"ಬೀಗ ನಿಮ್ದ ತಂದೀರಲ್ರಿ?"

"ಹೂಂ, ಮನೀದ ಐತಿ."

ದಿನವೂ ಮನೆಗೆ ಗಂಡನೇ ಹಾಕುತ್ತಿದ್ದ ಬೀಗವದು. ಅವಳು ಕೀಲಿಕೈ ತಿರುವಿದೊಡನೆ ಅದು ಮೆಲ್ಲಗೆ ಅಂದಿತು: "ಜಗ್ಗಿ ನೋಡು, ನೀಲಾ."

ನೀಲವ್ವ ಜಗ್ಗಿ ನೋಡಿದಳು.