ಗೋಡೆಯ ಕಿಂಡಿ

ಹಫೀಜ್ ಹಾರೆ ಎತ್ತಿದ್ದೇ ತಡ, ಅವನ ತಾಯಿ ಫಕ್ರುನ್ನೀಸಾ ಕಿಂಡಿಗೆ ಬೆನ್ನು ಕೊಟ್ಟು ನಿಂತುಬಿಟ್ಟಳು.

"ಮನೆ ಪೂರ್ತಿ ಕೆಡವ್ಕೋ. ಈ ಗೋಡೆ ಮಾತ್ರ ಮುಟ್ಬೇಡ."

ಶಿರಾ ಕೋಟೆಯ ಹಿಂದಿನ ಆ ಗಲ್ಲಿಯಲ್ಲಿ ಎರಡೆರಡು ಮನೆಗಳ ನಡುವೆ ಒಂದೇ ಗೋಡೆ, ಗೋಡೆಗೊಂದು ಪುಟ್ಟ ಬಾಗಿಲಿನ ಕಿಂಡಿ. ಕೆಂಡ, ಸಾರು, ಊರ ಸುದ್ದಿ ಎಲ್ಲ ಅದರಲ್ಲೇ ದಾಟುತ್ತಿದ್ದವು. ಹಳೆಯವನ್ನು ಕೆಡವಿ ಟೈಲ್ಸ್ ಮನೆಗಳು ಎದ್ದಂತೆ ಕಿಂಡಿಗಳೂ ಹೋದವು. ಟೈಲ್ಸ್ ಮನೆಯವರಿಗೆ ನೆರೆಯವರು ಯಾಕೆ ಬೇಕು? ಉಳಿದದ್ದು ಇದೊಂದೇ. ಆಚೆ ಕಡೆ ಕಾಟಮ್ಮ. ಅವಳಿಗೆ ಬಾಣಂತಿ ಜ್ವರ ಬಂದಾಗ ಕೂಸು ಅಶ್ವತ್ಥ ಈ ಕಿಂಡಿಯಲ್ಲೇ ದಾಟಿ ಬಂದು, ಹಫೀಜನ ಜೊತೆ ಫಕ್ರುನ್ನೀಸಾಳ ಹಾಲು ಕುಡಿದಿದ್ದ.

"ಅಮ್ಮಿ, ಕಿಂಡಿ ಬೇಕು ಅಂತ ಆ ಕಡೆಯವರು ಕೇಳಿದ್ರಾ?"

"ಕೇಳೋದೇನು? ಕಾಟಕ್ಕಂಗೂ ನಂಗೂ ಜೀವ ಇರೋದೇ ಅದರಲ್ಲಿ."

ಹಫೀಜ್ ಹಲ್ಲು ಕಡಿದುಕೊಂಡು ನಕ್ಷೆ ಬದಲಿಸಿದ. ಗೋಡೆ ಉಳಿಯಿತು. ಅದರ ದಪ್ಪಕ್ಕೆ ಅಡುಗೆಮನೆ ಕಿರಿದಾಯಿತು. ತಾಯಿಗೆಂದು ಇಟ್ಟಿದ್ದ ಕೋಣೆಯೇ ಇಲ್ಲವಾಯಿತು. ನಡುಮನೆಯಲ್ಲಿ ಚಾಪೆ ಹಾಸಿಕೊಳ್ಳುತ್ತೇನೆ ಬಿಡು ಎಂದಳು. ಹಟ ಗೆದ್ದ ಖುಷಿಯಲ್ಲಿ ಕೋಣೆ ಯಾವ ಲೆಕ್ಕ!

ಕೆಲಸ ಸಾಗಿತ್ತು. ಬಾಡಿಗೆ ಮನೆಯಿಂದ ಫಕ್ರುನ್ನೀಸಾ ಕೆಲಸ ನೋಡಲು ಬಂದಿದ್ದ ಒಂದು ಮಧ್ಯಾಹ್ನ ಕಾಟಮ್ಮ ಕಿಂಡಿಯಲ್ಲಿ ಮುಖ ತೂರಿಸಿದಳು.

"ಫಕ್ರಮ್ಮ, ನಮ್ಮ ಅಶ್ವತ್ಥಂಗೆ ಹೆಣ್ಣು ಕೊಡೋರು ಮನೆ ನೋಡಕ್ಕೆ ಬತ್ತಾವ್ರೆ ಕಣಮ್ಮ. ಗೋಡೇಲಿ ಇಲಿ ಬಿಲ ಇದ್ರೆ ಏನಂದ್ಕಂಡಾರು? ಒಂಚೂರು ಸಿಮೆಂಟು, ನಾಕು ಹಳೇ ಇಟ್ಟಿಗೆ ಇದ್ರೆ ಕೊಡು."

ಮಾತಾಡುವಾಗ ಸೆರಗಿನ ಅಂಚನ್ನೇ ನೋಡುತ್ತಿದ್ದಳು. ಕೇಳಲು ಸಂಕೋಚ, ಪಾಪ, ಎಂದುಕೊಂಡಳು ಫಕ್ರುನ್ನೀಸಾ. ಕೆಡವಿದ ಮನೆಯ ರಾಶಿಯಿಂದ ಅತ್ತೆಯ ಕಾಲದ ಚಪ್ಪಟೆ ಇಟ್ಟಿಗೆಗಳನ್ನು ತಾನೇ ಆರಿಸಿ, ಒರೆಸಿ, ಕಿಂಡಿಯಲ್ಲಿ ದಾಟಿಸಿದಳು. ಒಂದು ಬಾಂಡ್ಲಿ ಕಲಸಿದ ಸಿಮೆಂಟನ್ನೂ ಕೊಟ್ಟಳು.

"ಇಲಿ ಬಿಲಕ್ಕೆ ಇಷ್ಟು ಇಟ್ಟಿಗೆಯಾ?" ಎಂದ ಹಫೀಜ್.

"ಹಳೇ ಮನೆ ಇಲಿ ಕಣೋ, ಬೆಕ್ಕಿನಷ್ಟಿರ್ತಾವೆ. ನಮ್ಮ ಹುಡುಗನ ಮದುವೆಗೆ ಇಷ್ಟೂ ಕೊಡಬಾರದಾ?"

ಮಾರನೆಯ ದಿನ ಗಾರೆಯವರು ಧೂಳು ಆಚೆ ಹೋಗದಿರಲೆಂದು ಕಿಂಡಿಯ ಬಾಗಿಲು ಹಾಕಿ, ಮೇಲೆ ಗೋಣಿಚೀಲ ಹೊಡೆದರು. ಫಕ್ರುನ್ನೀಸಾ ದೂರದ ಬಾಡಿಗೆ ಮನೆಯಲ್ಲಿ ದಿನ ಎಣಿಸುತ್ತ ಕೂತಳು. ಕಾಟಮ್ಮ ಆ ಕಡೆ ಬರಲಿಲ್ಲ. ಮದುವೆ ಮನೆಯ ಗಡಿಬಿಡಿ, ಬರುವುದಾದರೂ ಹೇಗೆ?

ಹೊಸ ಮನೆಯಲ್ಲಿ ಫಾತಿಹಾ ಓದಿಸಿ ಒಳಸೇರುವ ದಿನ ಖೀರು ಕುದಿಯಿತು. ಮೊದಲ ಬಟ್ಟಲು ಯಾರಿಗೆಂದು ಕೇಳುವ ಹಾಗೇ ಇರಲಿಲ್ಲ. ಬಂದವರನ್ನೆಲ್ಲ ಕಾಯಿಸಿ ಅವಳು ಗೋಣಿಚೀಲ ಕಿತ್ತಳು, ಕಿಂಡಿಯ ಬಾಗಿಲು ತೆರೆದಳು. ಕಣ್ಣಲ್ಲಿ ಆಗಲೇ ನೀರು.

"ತಗೋ ಕಾಟಕ್ಕ" ಎಂದು ಕೈ ಚಾಚಿದಳು.

ಬಟ್ಟಲು ಹೋಗಿ ಠಣ್ಣೆಂದು ಬಡಿದದ್ದು ಅತ್ತೆಯ ಕಾಲದ ಚಪ್ಪಟೆ ಇಟ್ಟಿಗೆಗಳಿಗೆ.